ಆರ್‌ಪಿಜಿಗಳಲ್ಲಿ ಪಾತ್ರದ ಹಿನ್ನೆಲೆ ಆರಿಸುವುದು ಅಷ್ಟೊಂದು ಮುಖ್ಯವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಆಟ ಶುರುವಾಗುವ ಮೊದಲೇ ನಿಮ್ಮ ಪಾತ್ರ ಯಾರು, ಯಾವ ಊರಿನದು, ಇಷ್ಟು ದಿನ ಏನು ಮಾಡಿಕೊಂಡಿತ್ತು ಅಂತ ಕೇಳುವ ರೋಲ್ ಪ್ಲೇಯಿಂಗ್ ಗೇಮ್‌ಗಳು ಬೇಕಾದಷ್ಟಿವೆ. ಆ ಸ್ಕ್ರೀನ್ ಮುಂದೆ ಕೂತು ತಲೆ ಕೆಡಿಸಿಕೊಳ್ಳುವವರೂ ಅಷ್ಟೇ ಇದ್ದಾರೆ. ಹೊಸದಾಗಿ ಆಡಲು ಶುರು ಮಾಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಯ ಕೆಲವು ತಿರುವುಗಳು, ಅದರಲ್ಲೂ ಡ್ರ್ಯಾಗನ್ ಏಜ್‌ನವು, ಇಲ್ಲಿ ಬಯಲಾಗುತ್ತವೆ.

ಸುತ್ತಿ ಬಳಸಿ ಬೇಡ, ನೇರವಾಗಿ ಹೇಳಿ: ಹಿನ್ನೆಲೆ ಮುಖ್ಯವಾ, ಇಲ್ವಾ?

ಗೇಮ್ ಅದನ್ನು ನೆನಪಿಟ್ಟುಕೊಂಡರೆ ಮುಖ್ಯ, ಮರೆತರೆ ಇಲ್ಲ. ಶುರುವಿನಲ್ಲಿ ಸಿಗುವ ಎರಡು ಪಾಯಿಂಟ್, ಒಂದು ಕತ್ತಿ, ಒಂದಿಷ್ಟು ದುಡ್ಡು ಹತ್ತು ಗಂಟೆ ಆಡುವಷ್ಟರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಇಪ್ಪತ್ತು ಗಂಟೆ ಕಳೆದ ಮೇಲೆ ಯಾರೋ ನಿಮ್ಮ ಮುಖ ನೋಡಿ, "ನೀನು ಆ ಕೇರಿಯವನಲ್ವಾ?" ಅಂದರೆ ನೀವು ಮಾಡಿದ ಆಯ್ಕೆಗೆ ಬೆಲೆ ಬಂತು. ಹಾಗಾಗಿ ನಂಬರ್ ನೋಡಿ ಆರಿಸಬೇಡಿ. ಆ ಲೋಕದ ಜನ ನಿಮ್ಮ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ನೋಡಿ ಆರಿಸಿ.

ರೇಸ್, ಕ್ಲಾಸ್, ಹಿನ್ನೆಲೆ ಎಲ್ಲಾ ಒಂದೇ ಅಲ್ವಾ?

ಅಲ್ಲ. ರೇಸ್ ಅಂದರೆ ನಿಮ್ಮ ಹುಟ್ಟು: ಮನುಷ್ಯ, ಎಲ್ಫ್, ಡ್ವಾರ್ಫ್. ಕ್ಲಾಸ್ ಅಂದರೆ ಈಗ ನಿಮಗೆ ಬರುವ ವಿದ್ಯೆ: ಕತ್ತಿವರಸೆ, ಮಂತ್ರ, ಕಳ್ಳತನ. ಹಿನ್ನೆಲೆ ಅಂದರೆ ಕಥೆ ಶುರುವಾಗುವ ಮೊದಲಿನ ನಿಮ್ಮ ಬದುಕು. ಕೆಲವು ಗೇಮ್‌ಗಳು ಇವನ್ನು ಕಲಸಿಬಿಡುತ್ತವೆ. ಎಲ್ಡೆನ್ ರಿಂಗ್‌ನಲ್ಲಿ ಕ್ಲಾಸೇ ಹಿನ್ನೆಲೆ, ಸ್ಕೈರಿಮ್‌ನಲ್ಲಿ ರೇಸೇ ಹಿನ್ನೆಲೆ.

ಬಾಲ್ಡರ್ಸ್ ಗೇಟ್ 3ರಲ್ಲಿ ಯಾವ ಹಿನ್ನೆಲೆ ಒಳ್ಳೆಯದು?

ಜಾಸ್ತಿ ಬರುವ ಪ್ರಶ್ನೆ ಇದೇ. ಸ್ವಲ್ಪ ವಿವರವಾಗಿ ನೋಡೋಣ.

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಈ ಗೇಮ್ ಪೂರ್ತಿಯಾಗಿ ಬಿಡುಗಡೆ ಮಾಡಿತು. ನಿಮ್ಮದೇ ಪಾತ್ರ ಕಟ್ಟಿಕೊಂಡರೆ 11 ಹಿನ್ನೆಲೆಗಳು ಸಿಗುತ್ತವೆ: ಅಕೋಲೈಟ್ (ಗುಡಿಯ ಸೇವಕ), ಶಾರ್ಲಟನ್ (ಮೋಸಗಾರ), ಕ್ರಿಮಿನಲ್, ಎಂಟರ್‌ಟೇನರ್, ಫೋಕ್ ಹೀರೋ, ಗಿಲ್ಡ್ ಆರ್ಟಿಸನ್ (ಕುಶಲಕರ್ಮಿ), ನೋಬಲ್, ಔಟ್‌ಲ್ಯಾಂಡರ್ (ಕಾಡುಮೇಡಿನವ), ಸೇಜ್ (ಪಂಡಿತ), ಸೋಲ್ಜರ್, ಅರ್ಚಿನ್ (ಬೀದಿ ಹುಡುಗ). ಪ್ರತಿಯೊಂದರಲ್ಲೂ ಎರಡು ಸ್ಕಿಲ್‌ಗಳಲ್ಲಿ ಪಳಗಿರುತ್ತೀರಿ. ಸೋಲ್ಜರ್‌ಗೆ ಅಥ್ಲೆಟಿಕ್ಸ್ ಮತ್ತು ಇಂಟಿಮಿಡೇಶನ್ (ಬೆದರಿಸುವುದು), ಸೇಜ್‌ಗೆ ಆರ್ಕೇನಾ (ಮಂತ್ರದ ಅರಿವು) ಮತ್ತು ಹಿಸ್ಟರಿ, ಅರ್ಚಿನ್‌ಗೆ ಕೈಚಳಕ ಮತ್ತು ಸದ್ದಿಲ್ಲದೆ ನುಸುಳುವುದು.

ಪಳಗಿರುವುದರಿಂದ ಎಷ್ಟು ಲಾಭ? ಇಲ್ಲಿ ಎಲ್ಲ ತೀರ್ಮಾನವೂ 20 ಮುಖದ ದಾಳದ ಮೇಲೆ. ಒಬ್ಬ ಕಾವಲುಗಾರನನ್ನು ಮಾತಲ್ಲಿ ಒಪ್ಪಿಸಲು 15 ಬೇಕು ಅಂದುಕೊಳ್ಳಿ. ನಿಮಗೆ ಏನೂ ಬೋನಸ್ ಇಲ್ಲದಿದ್ದರೆ ಗೆಲ್ಲುವ ಅವಕಾಶ ಶೇ. 30. ಪಳಗಿದ್ದರೆ 1ರಿಂದ 4ನೇ ಲೆವೆಲ್‌ವರೆಗೆ 2 ಪಾಯಿಂಟ್ ಕೂಡುತ್ತದೆ, ಅಂದರೆ ಶೇ. 40. ಲೆವೆಲ್ 9 ತಲುಪಿದರೆ 4 ಪಾಯಿಂಟ್, ಅಂದರೆ ಶೇ. 50. ಒಳ್ಳೆಯದೇ, ಆದರೆ ಇದೇ ಸ್ಕಿಲ್ ನಿಮ್ಮ ಕ್ಲಾಸ್‌ನಿಂದಲೂ ಸಿಗಬಹುದು. ಎರಡು ಕಡೆಯಿಂದ ಬಂದರೂ ಲಾಭ ಎರಡರಷ್ಟು ಆಗುವುದಿಲ್ಲ.

ಹಿನ್ನೆಲೆಯ ನಿಜವಾದ ಬಲ ಇರುವುದು ಇನ್‌ಸ್ಪಿರೇಶನ್‌ನಲ್ಲಿ. ನಿಮ್ಮ ಹಿನ್ನೆಲೆಗೆ ಒಪ್ಪುವ ಕೆಲಸ ಮಾಡಿದಾಗ ಗೇಮ್ ಒಂದು ಇನ್‌ಸ್ಪಿರೇಶನ್ ಪಾಯಿಂಟ್ ಕೊಡುತ್ತದೆ. ಫೋಕ್ ಹೀರೋ ದಿಕ್ಕಿಲ್ಲದವರ ಪರ ನಿಂತಾಗ, ಶಾರ್ಲಟನ್ ಯಾರಿಗಾದರೂ ಟೋಪಿ ಹಾಕಿದಾಗ, ಸೇಜ್ ಮುಚ್ಚಿಟ್ಟ ವಿದ್ಯೆಯನ್ನು ಕೆದಕಿದಾಗ. ಒಟ್ಟು 4 ಪಾಯಿಂಟ್ ಕೂಡಿಡಬಹುದು. ದಾಳ ಕೈಕೊಟ್ಟಾಗ ಒಂದು ಪಾಯಿಂಟ್ ಖರ್ಚು ಮಾಡಿ ಮತ್ತೆ ಉರುಳಿಸಬಹುದು. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ಬೋನಸ್ ಏನೂ ಇಲ್ಲದೆ ಶೇ. 30 ಇದ್ದದ್ದು, ಎರಡನೇ ಅವಕಾಶ ಸಿಕ್ಕರೆ ಶೇ. 51 ಆಗುತ್ತದೆ. ಪಳಗಿದ್ದರಿಂದ ಶುರುವಿನಲ್ಲಿ ಬಂದ ಲಾಭದ ಎರಡರಷ್ಟಕ್ಕಿಂತ ಜಾಸ್ತಿ! ಹೆಚ್ಚಿನವರು ಸ್ಕಿಲ್ ಪಟ್ಟಿ ನೋಡುತ್ತಾ ಕೂರುತ್ತಾರೆ, ಇದನ್ನು ಗಮನಿಸುವುದೇ ಇಲ್ಲ.

ಇನ್ನೊಂದು ವಿಷಯ. ಈ ಪಾಯಿಂಟ್‌ಗಳು ಇಡೀ ತಂಡಕ್ಕೆ ಸೇರಿದ್ದು. ನಿಮ್ಮ ಜೊತೆಗಾರರಿಗೂ ಅವರವರ ಹಿನ್ನೆಲೆ ಇದೆ. ಗೇಲ್ ಸೇಜ್, ಆಸ್ಟೇರಿಯನ್ ಶಾರ್ಲಟನ್, ಶ್ಯಾಡೋಹಾರ್ಟ್ ಅಕೋಲೈಟ್, ಲೇಜೆಲ್ ಸೋಲ್ಜರ್, ವಿಲ್ ಫೋಕ್ ಹೀರೋ, ಕಾರ್ಲಾಕ್ ಔಟ್‌ಲ್ಯಾಂಡರ್. ಅವರು ಹೇಗೂ ತರುವುದನ್ನು ನೀವೂ ಯಾಕೆ ತರಬೇಕು? ಉಳಿದ ಐದರಲ್ಲಿ, ಅಂದರೆ ಕ್ರಿಮಿನಲ್, ಎಂಟರ್‌ಟೇನರ್, ಗಿಲ್ಡ್ ಆರ್ಟಿಸನ್, ನೋಬಲ್, ಅರ್ಚಿನ್‌ನಲ್ಲಿ ಒಂದನ್ನು ಆರಿಸಿದರೆ ಪಾಯಿಂಟ್ ಬರುವ ದಾರಿ ಒಂದು ಹೆಚ್ಚಾಗುತ್ತದೆ. ಮಾತಿನಲ್ಲೇ ಕೆಲಸ ಮುಗಿಸುವ ಆಸೆ ಇದ್ದರೆ ನನ್ನ ಆಯ್ಕೆ ಗಿಲ್ಡ್ ಆರ್ಟಿಸನ್. ಎದುರಿನವರ ಮನಸ್ಸು ಓದುವ ಇನ್‌ಸೈಟ್, ಒಪ್ಪಿಸುವ ಪರ್ಸ್ವೇಶನ್ ಎರಡೂ ಅದರಲ್ಲಿವೆ. ಈ ಗೇಮ್‌ನಲ್ಲಿ ಜಾಸ್ತಿ ಮಾತಾಡುವುದು ನಿಮ್ಮ ಪಾತ್ರವೇ ಅಲ್ವಾ?

ಅದೇ ಗೇಮ್‌ನಲ್ಲಿ ಡಾರ್ಕ್ ಅರ್ಜ್ ಅಂತ ಒಂದಿದೆಯಲ್ಲ, ಅದೇನು?

ಗೇಮ್ ಕೊಡುವ ಒಂದು ವಿಶೇಷ ಪಾತ್ರ ಅದು, ಅದರ ಹಿನ್ನೆಲೆ ಹಾಂಟೆಡ್ ಒನ್. ಬೇರೆ ಪಾತ್ರಕ್ಕೆ ಅದು ಸಿಗುವುದಿಲ್ಲ, ಅದನ್ನು ಬದಲಿಸಲೂ ಆಗುವುದಿಲ್ಲ. ಇಲ್ಲಿ ಹಿನ್ನೆಲೆ ಎರಡು ಸ್ಕಿಲ್‌ಗೆ ನಿಲ್ಲುವುದಿಲ್ಲ. ಆ ಪಾತ್ರಕ್ಕೆ ಹಿಂದಿನದು ನೆನಪಿಲ್ಲ, ಕೊಲ್ಲುವ ತುಡಿತ ಮಾತ್ರ ಇದೆ. ಕಥೆಯ ಉದ್ದಕ್ಕೂ ಅದಕ್ಕೇ ಮೀಸಲಾದ ದೃಶ್ಯಗಳು ಬರುತ್ತವೆ. ಮೊದಲ ಸಲ ಆಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಆದರೆ ಹಿನ್ನೆಲೆಗೆ ಎಷ್ಟು ಬಲ ಕೊಡಬಹುದು ಅಂತ ನೋಡಬೇಕಿದ್ದರೆ ಎರಡನೇ ಸಲ ಇದನ್ನೇ ಆಡಿ.

ತಪ್ಪು ಹಿನ್ನೆಲೆ ಆರಿಸಿದ್ದೇನೆ ಅನ್ನಿಸುತ್ತಿದೆ. ಬದಲಿಸಬಹುದಾ?

ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಅನ್ನುವ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್, ಸ್ಟ್ಯಾಟ್ಸ್ (ಶಕ್ತಿ, ಬುದ್ಧಿಯಂಥ ಅಂಕಿಗಳು) ಎಲ್ಲಾ ಬದಲಿಸಬಹುದು. ರೇಸ್ ಮತ್ತು ಹಿನ್ನೆಲೆ ಮಾತ್ರ ಹಾಗೇ ಉಳಿಯುತ್ತವೆ. ಬೇರೆ ಗೇಮ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಆದರೆ ಅದಕ್ಕಾಗಿ ಮತ್ತೆ ಮೊದಲಿಂದ ಶುರು ಮಾಡಬೇಡಿ. ಹಿನ್ನೆಲೆ ತಪ್ಪಾದ್ದರಿಂದ ಮುಗಿಸಲಿಕ್ಕೇ ಆಗದ ಗೇಮ್ ಅಂತ ಇಲ್ಲಿ ಹೇಳಿದ ಯಾವುದೂ ಇಲ್ಲ.

ಹಿನ್ನೆಲೆಯಿಂದ ಕಥೆಯೇ ಬೇರೆಯಾಗುವ ಗೇಮ್ ಯಾವುದು?

ನನ್ನ ಪ್ರಕಾರ ಇವತ್ತಿಗೂ ಇದಕ್ಕೆ ಉತ್ತರ ಡ್ರ್ಯಾಗನ್ ಏಜ್: ಒರಿಜಿನ್ಸ್. ಬಯೋವೇರ್ 2009ರಲ್ಲಿ ತಂದ ಗೇಮ್. ಹೆಸರಲ್ಲೇ ಇದೆ ನೋಡಿ, ಮೂಲ. ಆರು ಮೂಲಗಳು: ಮನುಷ್ಯರ ದೊಡ್ಡ ಮನೆತನ, ಸರ್ಕಲ್ ಅನ್ನುವ ಮಂತ್ರವಾದಿಗಳ ಕೂಟದಲ್ಲಿ ಬೆಳೆದವರು, ಕಾಡಿನ ಡೇಲಿಶ್ ಎಲ್ಫ್, ಪಟ್ಟಣದ ಎಲ್ಫ್, ಡ್ವಾರ್ಫ್ ರಾಜಮನೆತನ, ಡ್ವಾರ್ಫ್ ಬಡವ. ಆರಕ್ಕೂ ಬೇರೆ ಬೇರೆ ಆರಂಭ, ಬೇರೆ ಜಾಗ, ಬೇರೆ ಜನ. ಅದನ್ನು ಓದಿ ಬಿಡುವುದಲ್ಲ, ಆಡಬೇಕು. ಆಮೇಲೆ ಎಲ್ಲರೂ ಆಸ್ಟಗಾರ್ ಅನ್ನುವ ಕೋಟೆಗೆ ಬಂದು ಸೇರುತ್ತಾರೆ.

ಬಡ ಡ್ವಾರ್ಫ್ ಕಥೆಯನ್ನೇ ಹತ್ತಿರದಿಂದ ನೋಡಿ. ಆರ್ಜಮ್ಮಾರ್ ನೆಲದಡಿಯ ನಗರ. ಅಲ್ಲಿ ಕೆಲಸ, ಮದುವೆ, ಮರ್ಯಾದೆ ಎಲ್ಲವನ್ನೂ ತೀರ್ಮಾನಿಸುವುದು ಹುಟ್ಟಿದ ಜಾತಿ. ಯಾವ ಜಾತಿಗೂ ಸೇರದವರ ಮುಖದ ಮೇಲೆ ಗುರುತು ಹಾಕಿರುತ್ತಾರೆ. ಅವರಿರುವ ಕೇರಿಯ ಹೆಸರು ಡಸ್ಟ್ ಟೌನ್. ನಮ್ಮ ಕಡೆ ಬೆಳೆದವರಿಗೆ ಈ ಕೇರಿಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ನೀವು ಅಲ್ಲಿನವರು. ಅಮ್ಮ ಕುಡಿತಕ್ಕೆ ಬಿದ್ದಿದ್ದಾಳೆ. ಬೆರಾಟ್ ಅನ್ನುವ ರೌಡಿಯ ಕೈಕೆಳಗೆ ನಿಮ್ಮ ಕೆಲಸ. ಅಕ್ಕ ರೀಕಾಳನ್ನು ಅದೇ ಬೆರಾಟ್ ಸಿಂಗರಿಸಿ, ದೊಡ್ಡವರ ಕಣ್ಣಿಗೆ ಬೀಳಲಿ ಅಂತ ತಯಾರು ಮಾಡುತ್ತಿದ್ದಾನೆ. ಯಾಕೆ ಗೊತ್ತಾ? ಅಲ್ಲಿನ ಕಟ್ಟಳೆ ಪ್ರಕಾರ ಗಂಡು ಮಗುವಿಗೆ ಅಪ್ಪನ ಜಾತಿ, ಹೆಣ್ಣು ಮಗುವಿಗೆ ಅಮ್ಮನ ಜಾತಿ. ದೊಡ್ಡ ಮನೆಯವನಿಂದ ಒಂದು ಗಂಡು ಮಗು ಹುಟ್ಟಿದರೆ ಅವಳಿಗೂ ಮೇಲಿನ ಬೀದಿಯಲ್ಲಿ ಜಾಗ ಸಿಗುತ್ತದೆ.

ನೀವು ಊರು ಬಿಟ್ಟು ಹೋಗುತ್ತೀರಿ. ಎಷ್ಟೋ ಗಂಟೆ ಬೇರೆ ಕಡೆ ಅಲೆದು ಅದೇ ಆರ್ಜಮ್ಮಾರ್‌ಗೆ ವಾಪಸ್ ಬರಬೇಕಾಗುತ್ತದೆ. ಈಗ ನೀವು ಗ್ರೇ ವಾರ್ಡನ್ ಅನ್ನುವ ಯೋಧರ ಪಡೆಯವರು, ಸೈನ್ಯ ಕೇಳಲು ಬಂದಿದ್ದೀರಿ, ನಿಮ್ಮ ಸಹಾಯವೂ ಅವರಿಗೆ ಬೇಕು. ಆದರೆ ಮುಖದ ಗುರುತು ಹಾಗೇ ಇದೆ, ಜನ ಅದನ್ನು ನೋಡಿಯೇ ಮಾತಾಡುತ್ತಾರೆ. ಅರಮನೆಗೆ ಹೋದರೆ ರೀಕಾ ಅಲ್ಲಿದ್ದಾಳೆ. ರಾಜಕುಮಾರ ಬೇಲೆನ್‌ನ ಮಗುವಿನ ತಾಯಿಯಾಗಿ. ಕೇರಿಯಲ್ಲಿ ಜೊತೆಗಿದ್ದ ಗೆಳೆಯ ಲೆಸ್ಕೆ ಈಗ ಎದುರು ಪಾಳಯದಲ್ಲಿ. ಅವನ ಜೊತೆ ಹೊಡೆದಾಡಬೇಕಾಗುತ್ತದೆ.

ನಗರದ ಮುಂದಿನ ರಾಜ ಯಾರು ಅಂತ ತೀರ್ಮಾನಿಸುವುದು ನಿಮ್ಮ ಕೈಯಲ್ಲಿ. ಹ್ಯಾರೋಮಾಂಟ್ ಮಾತಿಗೆ ತಪ್ಪದ ಮನುಷ್ಯ, ಆದರೆ ಜಾತಿಯ ಕಟ್ಟು ಸಡಿಲಿಸುವವನಲ್ಲ. ಬೇಲೆನ್ ಕಪಟಿ, ಆದರೆ ಜಾತಿ ಇಲ್ಲದವರಿಗೆ ಬಾಗಿಲು ತೆರೆಯುವವನು ಅವನೇ. ಮನುಷ್ಯ ಮಂತ್ರವಾದಿಯಾಗಿ ಆಡಿದರೆ ಇದು ಪರಊರಿನ ರಾಜಕೀಯ, ಸೈನ್ಯ ಸಿಕ್ಕರೆ ಸಾಕು ಅಂತ ಯಾರನ್ನೋ ಕೂರಿಸಿ ಹೊರಡುತ್ತೀರಿ. ಡಸ್ಟ್ ಟೌನ್‌ನವರಾಗಿ ಆಡಿದರೆ ನಿಮ್ಮ ಅಕ್ಕನ ಬಾಳು, ನಿಮ್ಮ ಕೇರಿಯವರ ಬಾಳು ಎರಡೂ ಆ ಒಂದು ಉತ್ತರದಲ್ಲಿವೆ. ಡ್ವಾರ್ಫ್ ರಾಜಮನೆತನದವರಾಗಿ ಆಡಿದರೆ ಇನ್ನೂ ಕಷ್ಟ, ಯಾಕೆಂದರೆ ಈ ಬೇಲೆನ್ ನಿಮ್ಮ ತಮ್ಮ. ಅಣ್ಣನನ್ನು ಕೊಂದ ಆರೋಪವನ್ನು ನಿಮ್ಮ ತಲೆಗೆ ಕಟ್ಟಿ ಊರಿಂದ ಓಡಿಸಿದ್ದು ಅವನೇ.

ಕ್ವೆಸ್ಟ್, ಅಂದರೆ ಮಾಡಬೇಕಾದ ಕೆಲಸ, ಒಂದೇ. ಹೋಗುವ ಜಾಗ, ಕೊಲ್ಲುವ ಶತ್ರುಗಳು ಒಂದೇ. ಆದರೂ ಮೂರು ಜನ ಆಡಿದರೆ ಮೂರು ಬೇರೆ ಅನುಭವ. ಇದನ್ನು ಮಾಡಲು ಬಯೋವೇರ್ ಇಡೀ ಗೇಮ್ ಅನ್ನು ಆರು ಸಲ ಬರೆಯಲಿಲ್ಲ. ಹುಟ್ಟಿದ ಊರಿಗೆ ವಾಪಸ್ ಕಳಿಸಿತು, ಅಲ್ಲಿ ಗುರುತು ಹಿಡಿಯುವವರನ್ನು ಇಟ್ಟಿತು.

ಮನುಷ್ಯರ ದೊಡ್ಡ ಮನೆತನ ಆರಿಸಿದವರಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಹೆಣ್ಣಾದರೆ ಜೊತೆಗಾರ ಅಲಿಸ್ಟೇರ್‌ನನ್ನು ಮದುವೆಯಾಗಿ ರಾಣಿಯಾಗಬಹುದು, ಗಂಡಾದರೆ ರಾಣಿ ಅನೋರಾಳನ್ನು ಮದುವೆಯಾಗಿ ಅವಳ ಪಕ್ಕ ಸಿಂಹಾಸನದ ಬಳಿ ಕೂರಬಹುದು. ಬೇರೆ ಐದು ಮೂಲದವರಿಗೆ ಈ ದಾರಿ ಇಲ್ಲ.

ಸೈಬರ್‌ಪಂಕ್ 2077ರಲ್ಲಿ ಲೈಫ್‌ಪಾತ್ ಆರಿಸುವಾಗ ಯೋಚನೆ ಮಾಡಬೇಕಾ?

ಹೆಚ್ಚೇನೂ ಬೇಡ. ನೋಮ್ಯಾಡ್, ಸ್ಟ್ರೀಟ್ ಕಿಡ್, ಕಾರ್ಪೋ ಅಂತ ಮೂರಿವೆ. 2020ರ ಡಿಸೆಂಬರ್‌ನಲ್ಲಿ ಗೇಮ್ ಬಂದಾಗ ಇವು ಮೂರು ಬೇರೆ ಬೇರೆ ದಾರಿಗಳು ಅಂತ ಜನ ನಂಬಿದ್ದರು. ಬಂದದ್ದು ಸಣ್ಣದೊಂದು ಆರಂಭ, ಆಮೇಲೆ ಮೂವರೂ ಜ್ಯಾಕಿ ವೆಲ್ಸ್ ಜೊತೆ ಒಂದೇ ದಾರಿ. ಮುಂದೆ ಆಯಾ ಲೈಫ್‌ಪಾತ್‌ಗೆ ಅಂತ ಮಾತಿನ ಆಯ್ಕೆಗಳು, ಒಂದೊಂದು ಸೈಡ್ ಜಾಬ್ ಸಿಗುತ್ತವೆ. ಮಾತಿನ ಸೊಗಸು ಹೆಚ್ಚುತ್ತದೆ, ನಡೆಯುವುದು ಬಹುಪಾಲು ಅದೇ. ಗೇಮ್ ನನಗೆ ತುಂಬಾ ಇಷ್ಟ. ಆದರೆ ಈ ಒಂದು ವಿಷಯದಲ್ಲಿ ಅದು ಕೊಟ್ಟದ್ದು ಕಡಿಮೆ ಅಂತಲೇ ಹೇಳುತ್ತೇನೆ. ನನಗಂತೂ ಕಾರ್ಪೋ ಚೆನ್ನಾಗಿ ಕಂಡಿತು. ಅರಸಾಕಾ ಕಂಪನಿಯ ಒಳಗಿನವರಾಗಿ ಶುರು ಮಾಡಿದರೆ, ಮುಂದೆ ಅದರ ವಿರುದ್ಧ ನಿಲ್ಲುವಾಗ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಮಾಸ್ ಎಫೆಕ್ಟ್‌ನಲ್ಲಿ?

2007ರ ಮೊದಲ ಮಾಸ್ ಎಫೆಕ್ಟ್‌ನಲ್ಲಿ ಹುಟ್ಟಿದ ಜಾಗಕ್ಕೆ ಮೂರು ಆಯ್ಕೆ, ಸೈನ್ಯದಲ್ಲಿ ಮಾಡಿದ ಹೆಸರಿಗೆ ಮೂರು ಆಯ್ಕೆ, ಒಟ್ಟು ಒಂಬತ್ತು ಜೋಡಿ. ಬಹುತೇಕ ಒಂದೆರಡು ಸಾಲು ಮಾತಿಗೆ ಮುಗಿಯುತ್ತದೆ. ಆದರೆ ಕಾಲೊನಿಸ್ಟ್ ಆರಿಸಿ ನೋಡಿ. ನಿಮ್ಮ ಪಾತ್ರ ಶೆಪರ್ಡ್ ಹುಟ್ಟಿದ ಮಿಂಡ್ವಾರ್ ಅನ್ನುವ ಕಾಲೊನಿಯ ಮೇಲೆ ಗುಲಾಮರ ವ್ಯಾಪಾರಿಗಳು ದಾಳಿ ಮಾಡಿರುತ್ತಾರೆ. ಅಲ್ಲಿಂದ ಸೆರೆ ಹೋಗಿದ್ದ ತಲೀತಾ ಅನ್ನುವ ಹುಡುಗಿ ಎಷ್ಟೋ ವರ್ಷದ ಮೇಲೆ ಸಿಟಡೆಲ್ ಅನ್ನುವ ಬಾಹ್ಯಾಕಾಶ ನಿಲ್ದಾಣದ ಹಡಗುಕಟ್ಟೆಯಲ್ಲಿ ಸಿಗುತ್ತಾಳೆ, ಕೈಯಲ್ಲಿ ಗನ್ ಹಿಡಿದು. ಗುಂಡು ಹಾರಿಸುವ ಕೆಲಸವಿಲ್ಲ, ಮೆಲ್ಲಗೆ ಮಾತಾಡಿ ಹತ್ತಿರ ಹೋಗಬೇಕು ಅಷ್ಟೇ. ಕೆಲವೇ ನಿಮಿಷದ ದೃಶ್ಯ. ಸ್ಪೇಸರ್ ಅಥವಾ ಅರ್ತ್‌ಬಾರ್ನ್ ಆರಿಸಿದವರಿಗೆ ಇದು ಸಿಗುವುದಿಲ್ಲ, ಅವರಿಗೆ ಅವರದೇ ಬೇರೆ ಸಣ್ಣ ಕ್ವೆಸ್ಟ್ ಇದೆ.

ಸ್ಟಾರ್‌ಫೀಲ್ಡ್‌ನಲ್ಲಿ ಹಿನ್ನೆಲೆ ಜೊತೆಗೆ ಟ್ರೇಟ್ ಬೇರೆ ಕೇಳುತ್ತದೆ. ತೆಗೆದುಕೊಳ್ಳಬೇಕಾ?

ತೆಗೆದುಕೊಳ್ಳಿ. ಹಿನ್ನೆಲೆಗಿಂತ ಮಜಾ ಇರುವುದು ಟ್ರೇಟ್‌ನಲ್ಲೇ, ಅಂದರೆ ಪಾತ್ರದ ವಿಶೇಷ ಗುಣದಲ್ಲಿ. ಹಿನ್ನೆಲೆ ಮೂರು ಸ್ಕಿಲ್ ಮತ್ತು ಕೆಲವು ಮಾತುಗಳನ್ನು ಕೊಡುತ್ತದೆ. ಟ್ರೇಟ್ ಮೂರರವರೆಗೆ ಆರಿಸಬಹುದು, ಪ್ರತಿಯೊಂದಕ್ಕೂ ಒಂದು ಲಾಭ, ಒಂದು ನಷ್ಟ. ಡ್ರೀಮ್ ಹೋಮ್ ತೆಗೆದುಕೊಂಡರೆ ಮನೆ ಸಿಗುತ್ತದೆ, ಜೊತೆಗೆ 1,25,000 ಕ್ರೆಡಿಟ್ ಸಾಲವೂ ಸಿಗುತ್ತದೆ. ನನ್ನ ಮೆಚ್ಚಿನದು ಕಿಡ್ ಸ್ಟಫ್. ನಿಮ್ಮ ಅಪ್ಪ ಅಮ್ಮ ನ್ಯೂ ಅಟ್ಲಾಂಟಿಸ್‌ನಲ್ಲಿ ಇರುತ್ತಾರೆ, ನಿಮ್ಮ ದುಡ್ಡಿನಲ್ಲಿ ಒಂದು ಪಾಲು ಅವರಿಗೆ ಹೋಗುತ್ತಿರುತ್ತದೆ. ನೀವು ಮಾಡಿಕೊಂಡ ಮುಖಕ್ಕೆ ಹೋಲುವ ಮುಖವನ್ನೇ ಗೇಮ್ ಅವರಿಗೂ ಕೊಡುತ್ತದೆ. ದೂರದ ಊರಲ್ಲಿ ದುಡಿದು ಮನೆಗೆ ದುಡ್ಡು ಕಳಿಸುವವರಿಗೆ ಆ ಮನೆಯ ಬಾಗಿಲು ತಟ್ಟುವುದು ಬರೀ ಆಟವಾಗಿ ಉಳಿಯುವುದಿಲ್ಲ. ಬೇಡ ಅನ್ನಿಸಿದರೆ ಈ ಟ್ರೇಟ್‌ಗಳನ್ನು ಆಟದ ನಡುವೆ ಕೈಬಿಡಲು ದಾರಿಯೂ ಇದೆ.

ಎಲ್ಡೆನ್ ರಿಂಗ್ ಶುರು ಮಾಡುತ್ತಿದ್ದೇನೆ. ರೆಚ್ ಆರಿಸಿದರೆ ನಿಜಕ್ಕೂ ಕಷ್ಟವಾ?

ಶುರುವಿನ ಕೆಲವು ಗಂಟೆ ಮಾತ್ರ. 10 ಕ್ಲಾಸ್‌ಗಳಲ್ಲಿ ರೆಚ್ ಒಬ್ಬನೇ ಲೆವೆಲ್ 1ರಲ್ಲಿ ಶುರುವಾಗುವುದು. ಎಲ್ಲ ಸ್ಟ್ಯಾಟ್‌ಗಳೂ 10, ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ರಕ್ಷಾಕವಚ ಇಲ್ಲ. ಮುಂದೆ ಲೆವೆಲ್ ಏರಿಸಿಕೊಂಡು ಏನು ಬೇಕಾದರೂ ಆಗಬಹುದು. ಯಾವ ಕ್ಲಾಸ್ ಆರಿಸಿದರೂ ಆಮೇಲೆ ಯಾವ ಕತ್ತಿ, ಯಾವ ಮಂತ್ರ ಬೇಕಾದರೂ ಬಳಸಬಹುದು. ಮೊದಲ ಸಲ ಆಡುವವರು ಸಮುರಾಯ್ ಅಥವಾ ವ್ಯಾಗಬಾಂಡ್ ತೆಗೆದುಕೊಳ್ಳಿ, ಮಂತ್ರ ಬೇಕಿದ್ದರೆ ಆಸ್ಟ್ರಾಲಜರ್. ಆಮೇಲೆ ರೆನ್ನಾಲಾ ಅನ್ನುವ ಪಾತ್ರದ ಬಳಿ ಲಾರ್ವಲ್ ಟಿಯರ್ ಅನ್ನುವ ವಸ್ತು ಕೊಟ್ಟು ಸ್ಟ್ಯಾಟ್ಸ್ ಹೊಸದಾಗಿ ಹಂಚಬಹುದು, ಆದರೆ ಶುರುವಿನ ಕ್ಲಾಸ್‌ನ ಅಂಕಿಗಿಂತ ಕೆಳಗೆ ಇಳಿಸಲಾಗುವುದಿಲ್ಲ. ನೀವು ಯಾರಾಗಿದ್ದಿರಿ ಅಂತ ಈ ಗೇಮ್‌ನಲ್ಲಿ ಯಾರೂ ವಿಚಾರಿಸುವುದಿಲ್ಲ.

ಸ್ಕೈರಿಮ್‌ನಂಥ ಗೇಮ್ ಹಿನ್ನೆಲೆಯನ್ನೇ ಕೇಳುವುದಿಲ್ಲವಲ್ಲ?

ಅದು ಬೇಕೆಂದೇ ಹಾಗೆ ಮಾಡಿದ್ದು. ಗಾಡಿಯಲ್ಲಿ ಕೈ ಕಟ್ಟಿಸಿಕೊಂಡು ಕೂತ ಕೈದಿಯಾಗಿ ಶುರು, ಮೊದಲಿನದು ನಿಮ್ಮ ಕಲ್ಪನೆಗೆ ಬಿಟ್ಟದ್ದು. ರೇಸ್‌ನಿಂದ ಒಂದು ಸ್ಕಿಲ್‌ಗೆ 10, ಇನ್ನೈದಕ್ಕೆ 5 ಪಾಯಿಂಟ್ ಜಾಸ್ತಿ ಸಿಗುತ್ತದೆ, ಜೊತೆಗೆ ಆ ರೇಸ್‌ಗೆ ಮೀಸಲಾದ ಒಂದೆರಡು ಶಕ್ತಿಗಳು. ಆದರೂ ಒಂದು ಕಡೆ ರೇಸ್ ಲೆಕ್ಕಕ್ಕೆ ಬರುತ್ತದೆ: ಆರ್ಕ್ ಆಗಿದ್ದರೆ ಆರ್ಕ್‌ಗಳ ಕೋಟೆಗಳಿಗೆ ತಮ್ಮವರೆಂದು ಬಿಟ್ಟುಕೊಳ್ಳುತ್ತಾರೆ, ಬೇರೆಯವರು ಒಂದು ಕೆಲಸ ಮಾಡಿಕೊಟ್ಟು ಒಳಗೆ ಹೋಗಬೇಕು.

ಇದಕ್ಕೆ ಪೂರ್ತಿ ಉಲ್ಟಾ 2019ರ ಡಿಸ್ಕೋ ಎಲಿಸಿಯಂ. ಅಲ್ಲಿ ಹಿನ್ನೆಲೆ ಖಂಡಿತ ಇದೆ, ಆದರೆ ಆರಿಸುವುದು ನೀವಲ್ಲ. ಕುಡಿದು ಎಲ್ಲವನ್ನೂ ಮರೆತ ಪೊಲೀಸ್ ಒಬ್ಬ ಹೋಟೆಲ್ ರೂಮಿನ ನೆಲದ ಮೇಲೆ ಎದ್ದೇಳುತ್ತಾನೆ. ತಾನು ಯಾರು ಅನ್ನುವುದನ್ನು ಕೊಲೆ ಕೇಸಿನ ಜೊತೆಜೊತೆಗೇ ಹುಡುಕಬೇಕು. ಹಿನ್ನೆಲೆ ಅನ್ನುವುದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ಗೇಮ್ ನಾನು ಆಡಿಲ್ಲ.

ಈ ಪದ್ಧತಿ ಬಂದದ್ದು ಎಲ್ಲಿಂದ?

ಟೇಬಲ್ ಮೇಲೆ ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಆಟಗಳಿಂದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. 1977ರ ಟ್ರಾವೆಲರ್ ಆಟದಲ್ಲಿ ಪಾತ್ರದ ಹಿಂದಿನ ನೌಕರಿಯನ್ನೂ ದಾಳ ಹಾಕಿಯೇ ತೀರ್ಮಾನಿಸುತ್ತಿದ್ದರು. ದಾಳ ಕೆಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತೂ ಹೋಗುತ್ತಿತ್ತು. ಬಾಲ್ಡರ್ಸ್ ಗೇಟ್ 3 ಬಳಸುವುದು ಡಿ ಅಂಡ್ ಡಿಯ 2014ರ ನಿಯಮಗಳನ್ನು. 2024ರ ಹೊಸ ನಿಯಮಪುಸ್ತಕದಲ್ಲಿ ಶಕ್ತಿ, ಬುದ್ಧಿಯಂಥ ಮೂಲ ಅಂಕಿಗಳು ಏರುವುದೂ ಹಿನ್ನೆಲೆಯಿಂದಲೇ. ಎರಡನ್ನೂ ಕಲಸಿಕೊಂಡು ಗೊಂದಲ ಮಾಡಿಕೊಳ್ಳಬೇಡಿ.

ಇಂಗ್ಲಿಷ್ ಓದಿ ಆಡುವುದು ನಿಧಾನ. ಮಾತಿನ ಆಯ್ಕೆಗಳು ಜಾಸ್ತಿ ಇದ್ದರೆ ಕಷ್ಟ ಅಲ್ವಾ?

ನಿಧಾನವಾದರೆ ಆಗಲಿ, ಡೈಲಾಗ್ ನಡುವೆ ನಿಮ್ಮನ್ನು ಯಾರೂ ಹೊಡೆಯುವುದಿಲ್ಲ. ಬಾಲ್ಡರ್ಸ್ ಗೇಟ್ 3ರಲ್ಲಿ ಎದುರಿನವರ ಮಾತೆಲ್ಲಾ ದನಿಯಲ್ಲೂ ಇದೆ, ಕೆಳಗೆ ಅಕ್ಷರದಲ್ಲೂ ಬರುತ್ತದೆ. ಪೂರ್ತಿ ಓದುವ ಗೇಮ್ ಬೇಕಿದ್ದರೆ 2022ರ ಪೆಂಟಿಮೆಂಟ್ ನೋಡಿ. 16ನೇ ಶತಮಾನದ ಬವೇರಿಯಾದ ಹಳ್ಳಿ, ನೀವು ಆಂಡ್ರಿಯಾಸ್ ಅನ್ನುವ ಚಿತ್ರಕಾರ. ದನಿ ಇಲ್ಲ, ಎಲ್ಲ ಮಾತೂ ಕೈಬರಹದಂತೆ ಪರದೆ ಮೇಲೆ ಮೂಡುತ್ತದೆ. ಗೊತ್ತಿಲ್ಲದ ಹೆಸರುಗಳ ಕೆಳಗೆ ಗೆರೆ ಇರುತ್ತದೆ, ಒತ್ತಿದರೆ ಅಂಚಿನಲ್ಲಿ ವಿವರ ತೆರೆಯುತ್ತದೆ. ಆಂಡ್ರಿಯಾಸ್ ಇಟಲಿಯಲ್ಲಿ ಸುತ್ತಿದನಾ, ಫ್ಲಾಂಡರ್ಸ್‌ನಲ್ಲಿ ಇದ್ದನಾ, ಏನು ಓದಿಕೊಂಡ ಅನ್ನುವುದನ್ನು ನೀವೇ ಆರಿಸುತ್ತೀರಿ. ಅದರ ಮೇಲೆ ಅವನಿಗೆ ಯಾವ ಭಾಷೆ ಬರುತ್ತದೆ, ಕೊಲೆಯ ತನಿಖೆಯಲ್ಲಿ ಯಾವ ಸುಳಿವು ಅರ್ಥವಾಗುತ್ತದೆ ಅನ್ನುವುದು ನಿಂತಿರುತ್ತದೆ. ಅಂಕಿಗಳ ಗೊಡವೆಯೇ ಇಲ್ಲದೆ ಹಿನ್ನೆಲೆಯನ್ನು ಬಳಸಿದ ಗೇಮ್ ಇದು.

ಹೊಸ ಗೇಮ್ ಕೊಂಡಾಗ ಅದರಲ್ಲಿ ಹಿನ್ನೆಲೆಗೆ ಬೆಲೆ ಇದೆಯಾ ಅಂತ ಮೊದಲೇ ತಿಳಿಯುವುದು ಹೇಗೆ?

ಆಯ್ಕೆಯ ಸ್ಕ್ರೀನ್‌ನಲ್ಲೇ ಸುಳಿವು ಇರುತ್ತದೆ. ಹಿನ್ನೆಲೆಯ ಕೆಳಗೆ ಬರೀ ಅಂಕಿಗಳಿದ್ದರೆ ಅದು ಶುರುವಿನ ಸಾಮಾನು ಅಂತ ತಿಳಿಯಿರಿ. ಊರಿನ ಹೆಸರು, ಮನೆಯವರ ಹೆಸರು, ಒಂದು ಹಳೆಯ ಜಗಳ ಇದ್ದರೆ, ಆ ಊರು ಮುಂದೆ ನಕ್ಷೆಯಲ್ಲಿ ಬರುವ ಸಾಧ್ಯತೆ ಇದೆ. ಆಮೇಲೆ ಮೊದಲ ಒಂದೆರಡು ಗಂಟೆಯ ಮಾತುಕತೆ ಗಮನಿಸಿ. ಹಿನ್ನೆಲೆಯ ಹೆಸರು ಹೊತ್ತ ಆಯ್ಕೆಗಳು ಬರುತ್ತಿವೆಯಾ? ಅದನ್ನು ಒತ್ತಿದರೆ ಎದುರಿನವರು ಬೇರೆ ಏನಾದರೂ ಹೇಳುತ್ತಾರಾ, ಇಲ್ಲ ಅದೇ ಉತ್ತರವಾ? ಅನುಮಾನ ಬಂದರೆ ಅಲ್ಲೇ ಸೇವ್ ಮಾಡಿ ಎರಡನ್ನೂ ಒತ್ತಿ ನೋಡಿ.

ಗೈಡ್ ನೋಡಿ ಆರಿಸುವುದು ತಪ್ಪಾ?

ತಪ್ಪೇನಿಲ್ಲ. ಹೊಡೆದಾಟ ಕಷ್ಟದ ಮಟ್ಟದಲ್ಲಿ ಆಡುವವರಿಗೆ ಉಪಯೋಗವೂ ಆಗುತ್ತದೆ. ಆದರೆ ಗೈಡ್ ಬರೆಯುವವರು ಲೆಕ್ಕ ಹಾಕುವುದು ಹೆಚ್ಚಾಗಿ ಅಂಕಿಗಳನ್ನು. ಡಸ್ಟ್ ಟೌನ್‌ನ ರೀಕಾ ಯಾವ ಅಂಕಿಯಲ್ಲೂ ಬರುವುದಿಲ್ಲ.

ಎರಡನೇ ಸಲ ಆಡುವಾಗ ಬೇರೆ ಹಿನ್ನೆಲೆ ತೆಗೆದುಕೊಳ್ಳಬೇಕಾ?

ಸೈಬರ್‌ಪಂಕ್‌ಗೆ ಅದೊಂದೇ ಕಾರಣ ಸಾಲದು, ಕ್ಲಾಸ್ ಬದಲಿಸಿದಂತೆ ಆಡುವ ರೀತಿಯನ್ನೂ ಬದಲಿಸಿಕೊಳ್ಳಿ. ಡ್ರ್ಯಾಗನ್ ಏಜ್: ಒರಿಜಿನ್ಸ್‌ಗೆ ಖಂಡಿತ ಬೇಕು. ಅದರಲ್ಲಿ ಇನ್ನೊಂದು ದಾರಿಯೂ ಇದೆ: ಆರು ಮೂಲಗಳನ್ನೂ ಆಸ್ಟಗಾರ್‌ವರೆಗೆ ಮಾತ್ರ ಆಡಿ, ಆರಕ್ಕೂ ಬೇರೆ ಬೇರೆ ಸೇವ್ ಇಟ್ಟುಕೊಳ್ಳಿ. ಯಾರನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲವೋ ಅವರ ಜೊತೆ ಮುಂದೆ ಹೋಗಿ. ಡ್ವಾರ್ಫ್ ಆಗಿದ್ದರೆ ಆರ್ಜಮ್ಮಾರ್ ಅನ್ನು ಕೊನೆಗೆ ಇಟ್ಟುಕೊಳ್ಳಿ.